ಗೀಗೀ ಮೇಳಕ್ಕೊಂದು ವಿಕಿಪೀಡಿಯ ಪುಟ: ಕೆಂಪು ಪೆನ್ನು ಹಿಡಿದ ನನ್ನ ಅನುಭವ

ಉತ್ತರ ಕರ್ನಾಟಕದ ಒಂದು ಗೀಗೀ ಮೇಳದ, ಅಂದರೆ ಗೀಗೀ ಪದ ಹಾಡುವ ಜನಪದ ತಂಡದ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಾನು ಬರೆದ ಪುಟ, ಅದನ್ನು ಅಳಿಸಬೇಕೋ ಉಳಿಸಬೇಕೋ ಅಂತ ಸಂಪಾದಕರು ನಡೆಸಿದ ಚರ್ಚೆಯನ್ನು ದಾಟಿ ಉಳಿದುಕೊಂಡಿದೆ. ಏಳು ದಿನದಲ್ಲಿ ಮುಗಿಯಬೇಕಿದ್ದ ಚರ್ಚೆ ಇನ್ನೊಂದು ವಾರ ಎಳೆಯಿತು. "ಗೂಗಲ್‌ನಲ್ಲಿ ಎರಡು ಯೂಟ್ಯೂಬ್ ವಿಡಿಯೊ ಬಿಟ್ಟರೆ ಏನೂ ಇಲ್ಲ, ಇದೆಂಥ ಗಮನಾರ್ಹತೆ" ಅಂದವರೇ ಜಾಸ್ತಿ. ಪುಟ ಮಾಡುವಷ್ಟು ಬೇರೆಯವರು ಅದರ ಬಗ್ಗೆ ಬರೆದಿರಬೇಕು ಅನ್ನೋದೇ ಈ ಗಮನಾರ್ಹತೆ. ನನ್ನ ಜೊತೆ ವಿಕಿಪೀಡಿಯದಲ್ಲಿ ಬರೆದು ತಿದ್ದುವ ಗೆಳೆಯರೂ ಸುಮ್ನೆ ಬಿಟ್ಟುಬಿಡು ಅಂದಿದ್ದರು. ಮೇಳದ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೆ ನಾಳೆಯೇ ಅಭಿಮಾನಿಗಳು ಹೋಗಿ ಪುಟದ ತುಂಬ ಹೊಗಳಿಕೆ ಸುರಿಯುತ್ತಾರೆ.

ಸಂಗೀತ ತಂಡಗಳ ಪುಟಕ್ಕೆ ವಿಕಿಪೀಡಿಯ ಇಟ್ಟಿರುವ ಮಾನದಂಡಗಳು ಇಂಥವು. ಚಾರ್ಟು, ಗೋಲ್ಡ್ ರೆಕಾರ್ಡು, ದೊಡ್ಡ ರೆಕಾರ್ಡ್ ಕಂಪನಿಯಲ್ಲಿ ಎರಡು ಆಲ್ಬಂ. ದಪ್ಪು, ತುಂತುಣಿ, ತಾಳ ಹಿಡಿದು ಜಾತ್ರೆಯಲ್ಲಿ ಬೆಳಗಿನವರೆಗೆ ಹರದೇಶಿ-ನಾಗೇಶಿ ವಾದ (ಗಂಡು ಹೆಚ್ಚು ಅಂತ ಹರದೇಶಿ, ಹೆಣ್ಣು ಹೆಚ್ಚು ಅಂತ ನಾಗೇಶಿ ಮೇಳ ಎದುರುಬದುರು ವಾದಿಸುವುದು) ಹಾಡುವವರಿಗೆ ಎಲ್ಲಿಯ ಚಾರ್ಟು? ಹಾಗಾಗಿ ಆ ಪಟ್ಟಿಯನ್ನು ನಾನು ಹೆಚ್ಚು ನೆಚ್ಚಿಕೊಳ್ಳಲಿಲ್ಲ. ಮೇಳಕ್ಕೆ ಸಂಬಂಧ ಇಲ್ಲದವರು, ಮೇಳದ ಬಗ್ಗೆಯೇ, ವಿವರವಾಗಿ ಬರೆದದ್ದು ಎಷ್ಟಿದೆ? ನಾನು ಹುಡುಕಿದ್ದು ಅದನ್ನೇ.

ಸಿಕ್ಕಿದ್ದನ್ನೆಲ್ಲ ಕಾಗದದ ಮೇಲೆ ಇಳಿಸಿಕೊಳ್ಳುತ್ತೇನೆ. ಕೆಂಪು ಪೆನ್ನು ತೆಗೆದುಕೊಂಡು ಮೇಳದವರೇ ಹೇಳಿಕೊಂಡದ್ದು, ಕಾರ್ಯಕ್ರಮ ಮಾಡಿಸಿದವರು ಹೇಳಿದ್ದು, ಕ್ಯಾಸೆಟ್ ಮಾರಿದವರು ಬರೆದದ್ದು ಎಲ್ಲ ಹೊಡೆದು ಹಾಕುತ್ತೇನೆ. ಮೂರು ಬೇರೆ ಬೇರೆ ಮೂಲಗಳಲ್ಲಿ ತಲಾ ಐದಾರು ವಾಕ್ಯ ಉಳಿದರೆ ಪುಟ ಬರೆಯಬಹುದು. ಈ ಐದಾರು ನನ್ನದೇ ಅಳತೆ, ಯಾವ ನಿಯಮದಲ್ಲೂ ಇಲ್ಲ.

ಮೊದಲು ಸಿಕ್ಕಿದ್ದು ಮೇಳದ ಹಿರಿಯರು ಇಟ್ಟುಕೊಂಡಿದ್ದ ಪೇಪರ್ ಕಟಿಂಗ್ ಫೈಲು. ಸುಮಾರು ನಲವತ್ತು ತುಣುಕು. ನೋಡಿ ಕುಣಿದುಬಿಟ್ಟೆ. ಒಂದು ಹೇಗಿತ್ತು ಅಂದರೆ, ಮೂರು ಕಾಲಂ ವರದಿ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು, ವೇದಿಕೆ ಮೇಲೆ ಕೂತ ಹತ್ತು ಹನ್ನೆರಡು ಗಣ್ಯರು. ಕೊನೆಗೆ "ನಂತರ ಗೀಗೀ ಪದಗಳು ಜರುಗಿದವು" ಅಂತ ಒಂದೇ ಸಾಲು. ಮೇಳದ ಹೆಸರೂ ಇಲ್ಲ! ಕೆಂಪು ಪೆನ್ನು ಆಡಿಸಿದ ಮೇಲೆ ನಲವತ್ತರಲ್ಲಿ ಉಳಿದದ್ದು ಎರಡು, ಅದರಲ್ಲೂ ಒಂದಕ್ಕೆ ತಾರೀಖಿಲ್ಲ. ಕಟಿಂಗ್ ಮಾಡುವವರು ತಾರೀಖು ಇರುವ ಅಂಚನ್ನೇ ಯಾಕೆ ಕತ್ತರಿಸಿ ಬಿಸಾಡುತ್ತಾರೋ ಆ ದೇವರೇ ಬಲ್ಲ.

ಆಮೇಲೆ ಆಕಾಶವಾಣಿ. ಧಾರವಾಡ ಕೇಂದ್ರ 1950ರಿಂದ ಇದೆ, ಮೇಳ ಅಲ್ಲಿ ಹಾಡಿದ್ದಕ್ಕೆ ಕರಾರು ಪತ್ರಗಳೂ ಇದ್ದವು. ಆದರೆ ಪತ್ರ ಬರೆದದ್ದೇ ಕಾರ್ಯಕ್ರಮ ಮಾಡಿಸಿದವರು. ಪ್ರಸಾರವೂ ಪ್ರಾದೇಶಿಕ, ಮಾನದಂಡ ಕೇಳುವುದು ರಾಷ್ಟ್ರೀಯ. ಹೋಯಿತು. ಅಕಾಡೆಮಿ ಪ್ರಶಸ್ತಿ ಇತ್ತಲ್ಲ ಅಂದರೆ, ಅದು ಬಂದದ್ದು ಮುಮ್ಮೇಳದ, ಅಂದರೆ ಮುಖ್ಯ ಹಾಡುಗಾರರಿಗೆ. ಅವರ ಹೆಸರಿನಲ್ಲಿ ಬೇರೆ ಪುಟ ಮಾಡಬಹುದು, ಆ ಪ್ರಶಸ್ತಿ ತೋರಿಸಿ ಮೇಳಕ್ಕೆ ಪುಟ ಕೇಳುವ ಹಾಗಿಲ್ಲ. ಇಲ್ಲೇ ಬಹಳ ಜನ ಮುಗ್ಗರಿಸುತ್ತಾರೆ.

ದುಡ್ಡಿನ ವಿಷಯ. ಸಂತೆಯಲ್ಲಿ, ರದ್ದಿ ಅಂಗಡಿಯಲ್ಲಿ ಹಳೇ ಕ್ಯಾಸೆಟ್ ತಲಾ ನಲವತ್ತು ಐವತ್ತು ಕೊಟ್ಟು ತಂದೆ, ಎಲ್ಲ ಸೇರಿ ಆರುನೂರು ಆಗಿರಬೇಕು. ಕವರ್ ಮೇಲಿನ ಬರಹವೆಲ್ಲ ಕಂಪನಿಯದ್ದು, ಒಂದಕ್ಷರ ಉಪಯೋಗಕ್ಕೆ ಬರಲಿಲ್ಲ. ಒಂದು ಕ್ಯಾಸೆಟ್‌ನಲ್ಲಿ ಮಾತ್ರ ದಪ್ಪಿನ ಪೆಟ್ಟು ಎಷ್ಟು ಚೆನ್ನಾಗಿದೆ ಅಂದರೆ ಆರುನೂರು ಹೋದದ್ದಕ್ಕೆ ಬೇಜಾರಿಲ್ಲ. ಜೆರಾಕ್ಸು, ಬಸ್ಸು, ಚಹಾ ಎಲ್ಲ ಹಿಡಿದರೆ ಒಟ್ಟು ಮೂರು ಸಾವಿರದ ಆಸುಪಾಸು. ಈ ನಡುವೆ ಮೇಳದ ಹುಡುಗರಿಗೆ ಯಾರೋ ಫೋನ್ ಮಾಡಿ, ಎಂಟು ಸಾವಿರ ಕೊಟ್ಟರೆ ಒಂದು ಸುದ್ದಿ ತಾಣದಲ್ಲಿ ಲೇಖನ ಹಾಕಿಸುತ್ತೇವೆ ಅಂದರಂತೆ. ಬೇಡ ಅಂತ ಕೈ ಮುಗಿದು ತಡೆದೆ. ದುಡ್ಡು ಕೊಟ್ಟು ಬರೆಸಿದ್ದು ಒಂದೇ ಒಂದು ಸಿಕ್ಕಿಬಿದ್ದರೆ ಉಳಿದ ಒಳ್ಳೆಯ ಮೂಲಗಳನ್ನೂ ಯಾರೂ ನಂಬುವುದಿಲ್ಲ.

ಕೊನೆಗೆ ಕೈ ಹಿಡಿದದ್ದು ಪಿಎಚ್‌ಡಿ ಪ್ರಬಂಧಗಳು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ತಾಣದಲ್ಲಿ ಕನ್ನಡ ಪ್ರಬಂಧಗಳು ರಾಶಿ ಬಿದ್ದಿವೆ, ಆದರೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಒಳಗಿನದು ಸಿಗುವುದೇ ಕಷ್ಟ. ಎಷ್ಟೋ ಫೈಲು ಬರೀ ಸ್ಕ್ಯಾನ್ ಚಿತ್ರ. ಉಳಿದವುಗಳಲ್ಲಿ ಬಹಳಷ್ಟು ಹಳೇ ನುಡಿ ಫಾಂಟಿನವು, ಅಂದರೆ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಗಳಲ್ಲಿ ಇಲ್ಲದವು. ಅಲ್ಲಿ "ಕನ್ನಡ" ಅನ್ನೋ ಪದ ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ ನಡುವೆ ಪೌಂಡ್ ಗುರುತು ಬರುವ ಒಂದು ವಿಚಿತ್ರ ಸರಣಿಯಾಗಿ. ಮೇಳದ ಊರಿನ ಹೆಸರನ್ನು ಆ ರೂಪಕ್ಕೆ ತಿರುಗಿಸಿ ಹುಡುಕಿದೆ, ಬಾಗಿಲು ತೆರೆಯಿತು, ಬೇಕಾದ ಪ್ರಬಂಧ ಸಿಕ್ಕಿತು. ಯಾವ ತುಂಡನ್ನು ಹಾಕಿದರೆ ಬೇಗ ಸಿಗುತ್ತೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ, ಅದು ಸ್ವಲ್ಪ ದಿನ ನನ್ನ ಹತ್ತಿರವೇ ಇರಲಿ.

ಇನ್ನೊಂದು ತೊಡಕು ಹೆಸರಿನದು. ಒಂದೇ ಮೇಳ ಒಂದು ಕಡೆ ಊರಿನ ಹೆಸರಲ್ಲಿ, ಒಂದು ಕಡೆ ದೇವರ ಹೆಸರಲ್ಲಿ, ಮತ್ತೊಂದು ಕಡೆ ಹಾಡುಗಾರರ ಅಡ್ಡಹೆಸರಲ್ಲಿ ಇರುತ್ತೆ. ಮೂರೂ ಒಂದೇ ಅಂತ ಹೇಳುವ ಮೂಲ ಬೇಕು. ಅದೃಷ್ಟಕ್ಕೆ ಆ ಪ್ರಬಂಧದಲ್ಲೇ ಒಂದು ಅಡಿಟಿಪ್ಪಣಿ ಇತ್ತು. ಮೇಳದ ಬಗ್ಗೆಯೇ ಹತ್ತು ಹನ್ನೊಂದು ಪುಟ, ಅರ್ಧ ಸಂದರ್ಶನ. ಅದನ್ನು ಹೊಡೆದು ಹಾಕಿದರೂ ಬೇಕಾದಷ್ಟು ಉಳಿಯಿತು. ಅದರ ಗ್ರಂಥಋಣ ಹಿಡಿದು ಹೊರಟರೆ ಒಂದು ವಾರಪತ್ರಿಕೆಯ ಹಳೇ ಲೇಖನ, ಆಮೇಲೆ ಒಂದು ಜನಪದ ಸಮೀಕ್ಷೆ. ವಾರಪತ್ರಿಕೆಯವರು ರಾತ್ರಿಯಿಡೀ ಜಾತ್ರೆಯಲ್ಲಿ ಕೂತು, ಯಾವ ಮೇಳ ಯಾವ ಪ್ರಶ್ನೆಗೆ ಸೋತಿತು ಅಂತ ಬರೆದಿದ್ದರು. ಅಂಥ ವರದಿ ಈಗ ಯಾರು ಬರೆಯುತ್ತಾರೆ, ಅಲ್ವಾ?

ನನ್ನ ಪೆನ್ನು ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಬೇರೆ ಕಡೆಯೂ ಆಡಿಸಿ ನೋಡಿದೆ. 1996ರಿಂದ ಇರುವ ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ರಾಕ್ ತಂಡದ ಮೂಲಗಳನ್ನು ಎಷ್ಟು ಕತ್ತರಿಸಿದರೂ ಮಿಕ್ಕುತ್ತಲೇ ಇತ್ತು. ಲಕ್ಷಗಟ್ಟಲೆ ವ್ಯೂಸ್ ಇರುವ ಒಂದು ಯೂಟ್ಯೂಬ್ ತಂಡದ್ದು ಪೂರ್ತಿ ಕೆಂಪಾಯಿತು, ಒಂದು ವಾಕ್ಯವೂ ಮಿಗಲಿಲ್ಲ.

ಚರ್ಚೆಯಲ್ಲಿ ನಾನು ಜಾಸ್ತಿ ವಾದ ಮಾಡಲಿಲ್ಲ. ಮೂಲ ಇಂಗ್ಲಿಷಿನಲ್ಲೇ ಇರಬೇಕು, ಆನ್‌ಲೈನೇ ಆಗಬೇಕು ಅಂತ ನಿಯಮ ಇಲ್ಲ. ಅದನ್ನು ಒಂದು ಸಲ ನೆನಪಿಸಿದೆ. ಮೂರೇ ಮೂಲ ಇಟ್ಟೆ. ಪುಟಸಂಖ್ಯೆ, ತಲಾ ಎರಡು ವಾಕ್ಯ ಕನ್ನಡದಲ್ಲಿ, ಕೆಳಗೆ ಅದರ ಇಂಗ್ಲಿಷ್ ಅನುವಾದ. ಉಳಿದ ಮೂವತ್ತು ಚಿಲ್ಲರೆ ಕಟಿಂಗ್ ತೋರಿಸಲೇ ಇಲ್ಲ. ತೋರಿಸಿದ್ದರೆ ಎದುರಿನವರು ಅದರಲ್ಲಿ ಕೆಟ್ಟದ್ದನ್ನೇ ಹಿಡಿದು ಜಗ್ಗುತ್ತಿದ್ದರು. ಮೊದಲ ದಿನವೇ ಅಳಿಸಿ ಅಂದಿದ್ದವರು ತಮ್ಮ ಮತವನ್ನು ತಾವೇ ಹೊಡೆದು ಹಾಕಿ, ಉಳಿಸಿ ಅಂತ ಬರೆದರು.

ಈಗ ಆ ಮೇಳದ ಎದುರು ಹಾಡುತ್ತಿದ್ದ ನಾಗೇಶಿ ಮೇಳದವರು ನಮ್ಮದು ಯಾವಾಗ ಅಂತ ಕೇಳುತ್ತಿದ್ದಾರೆ. ಎರಡು ಮೂಲ ಸಿಕ್ಕಿವೆ, ಮೂರನೆಯದರಲ್ಲಿ ಒಂದೂವರೆ ವಾಕ್ಯ ಉಳಿದಿದೆ. ಇನ್ನೊಂದು ಗಟ್ಟಿ ಮೂಲ ಸಿಗುವವರೆಗೆ ಪುಟ ಇಲ್ಲ ಅಂತ ಹೇಳಿದ್ದೇನೆ. ಅವರಿಗೆ ಸ್ವಲ್ಪ ಸಿಟ್ಟು ಬಂದಿದೆ.