ಎರಡು ಭಾಷೆಯ ಜಾಲತಾಣ: ಡೇಟಾಬೇಸ್ ಕಟ್ಟುವುದು ಹೇಗೆ?

ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಜಾಲತಾಣಕ್ಕೆ ಹಾಕಬೇಕು ಎಂದಿಟ್ಟುಕೊಳ್ಳಿ. ಒಂದೇ ಟೇಬಲ್‌ನಲ್ಲಿ ಕನ್ನಡದ ಹೆಸರಿಗೊಂದು, ಇಂಗ್ಲಿಷ್ ಹೆಸರಿಗೊಂದು ಕಾಲಂ ಮಾಡಿಬಿಡೋಣ ಎಂದೇ ಮೊದಲು ಅನಿಸುತ್ತದೆ. ಬೇಡ. ನಾಳೆ ಉರ್ದು ಬೇಕೆಂದರೆ ಟೇಬಲ್ಲನ್ನೂ ಅದರಿಂದ ಮಾಹಿತಿ ಕೇಳುವ ಪ್ರತಿ ಕ್ವೆರಿಯನ್ನೂ ತಿದ್ದಬೇಕಾಗುತ್ತದೆ.

ಎರಡು ಟೇಬಲ್ ಮಾಡಿ. ಮೊದಲನೆಯದರಲ್ಲಿ ಯಾವ ಭಾಷೆಯಲ್ಲೂ ಬದಲಾಗದ್ದು: ಐಡಿ, ಐಎಸ್‌ಬಿಎನ್, ಬೆಲೆ. ಎರಡನೆಯದರಲ್ಲಿ ಪುಸ್ತಕದ ಐಡಿ, ಭಾಷೆಯ ಕೋಡ್, ಹೆಸರು, ವಿವರಣೆ. ಐಡಿ ಮತ್ತು ಭಾಷೆ ಸೇರಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀಲಿ. ಹೊಸ ಭಾಷೆ ಬಂದರೆ ಹೊಸ ಸಾಲುಗಳು ಸೇರುತ್ತವೆ, ಅಷ್ಟೇ.

ಕನ್ನಡ ವಿವರಣೆ ಇನ್ನೂ ಬರೆದಿಲ್ಲವೇ? ಎರಡನೆಯ ಟೇಬಲ್‌ನಲ್ಲಿ ಜೋಡಿ ಸಿಗದಿದ್ದರೂ ಮೊದಲನೆಯದರ ಸಾಲನ್ನು ಉಳಿಸಿಕೊಳ್ಳುವ ‘ಲೆಫ್ಟ್ ಜಾಯಿನ್’ ಬಳಸಿ, ಕನ್ನಡ ಸಿಗದಿದ್ದಲ್ಲಿ ಇಂಗ್ಲಿಷ್ ತೋರಿಸಿ. ಭಾಷೆಯ ಷರತ್ತು ಕ್ವೆರಿಯಲ್ಲಿ ಟೇಬಲ್‌ಗಳನ್ನು ಜೋಡಿಸುವ ‘ಆನ್’ ಭಾಗದಲ್ಲೇ ಇರಲಿ. ಸಾಲುಗಳನ್ನು ಸೋಸುವ ‘ವೇರ್’ಗೆ ಹಾಕಿದರೆ ಅನುವಾದವಿಲ್ಲದ ಪುಸ್ತಕ ಪಟ್ಟಿಯಿಂದಲೇ ಮಾಯವಾಗುತ್ತದೆ.

ಮುಂದೆ ಅಕ್ಷರಸಂಕೇತ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಹಳೆಯ ‘ಯುಟಿಎಫ್8’ ಸಂಕೇತ ಒಂದು ಚಿಹ್ನೆಗೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡದ ಚಿಹ್ನೆಗಳಿಗೆ 3 ಬೈಟ್ ಸಾಕು, ಹಾಗಾಗಿ ಯಾರಾದರೂ ಎಮೋಜಿ ಹಾಕುವವರೆಗೂ ತೊಂದರೆ ಗೊತ್ತೇ ಆಗುವುದಿಲ್ಲ. 4 ಬೈಟ್‌ವರೆಗೂ ಕೊಡುವ ‘ಯುಟಿಎಫ್8ಎಂಬಿ4’ ಆರಿಸಿ; ಡೇಟಾಬೇಸ್ ಸಂಪರ್ಕಕ್ಕೂ ಅದನ್ನೇ ಹೇಳಿ. ಒಮ್ಮೆ ‘????’ ಎಂದು ಉಳಿದುಬಿಟ್ಟ ಪಠ್ಯದಿಂದ ಮೂಲ ಮರಳಿ ಸಿಗದು.

ಇನ್ನು ಹುಡುಕಾಟ. ಕನ್ನಡ ಓದುಗರು ಹೆಚ್ಚು ಸೋಲುವುದು ಇಲ್ಲಿಯೇ. ‘ಕೊಡಗು’ ಪದದ ‘ಕೊ’ದಲ್ಲಿರುವ ಸ್ವರಚಿಹ್ನೆ, ಜಗತ್ತಿನ ಲಿಪಿಗಳ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ, ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಬೈಟಿಗೆ ಬೈಟ್ ಹೋಲಿಸಿದರೆ ಬೇರೆ ಬೇರೆ. ಪುಸ್ತಕ ಕಪಾಟಿನಲ್ಲಿದ್ದರೂ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ಉಳಿಸುವ ಮುನ್ನ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿ ಸಂಕೇತಗಳನ್ನು ಒಂದಾಗಿಸುವ ಯೂನಿಕೋಡ್ ರೂಪಕ್ಕೆ ತನ್ನಿ; ಓದುಗರು ಟೈಪಿಸಿದ ಪದಕ್ಕೂ ಅದನ್ನೇ ಮಾಡಿ.

ಎನ್‌ಎಫ್‌ಸಿಗೂ ದಕ್ಕದ್ದು ಒಂದಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಆದಮೇಲೆ ಕಾಣದ ಶೂನ್ಯ ಅಗಲದ ಚಿಹ್ನೆ ಕೂರುತ್ತದೆ. ತೆಗೆದರೆ ‘ವ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ‘ರ‍್ಯಾಂಕ್’ ಪದದಲ್ಲೂ ಇಂಥದ್ದೇ ಒಂದಿದೆ. ತೋರಿಸುವ ಹೆಸರನ್ನು ಇದ್ದಂತೆಯೇ ಬಿಡಿ. ಈ ಚಿಹ್ನೆಗಳನ್ನು ತೆಗೆದ ಪ್ರತಿಯನ್ನು ಹುಡುಕಾಟಕ್ಕೆಂದೇ ಇನ್ನೊಂದು ಕಾಲಂನಲ್ಲಿಡಿ. ಹುಡುಕುವ ಪದದಿಂದಲೂ ಅವನ್ನು ತೆಗೆಯಿರಿ.

ಪಟ್ಟಿ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದರೆ (ಇಂಗ್ಲಿಷ್ ಮೊದಲಾದ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಫಾಂಟ್) ಅದು ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿ, ಆಮೇಲಷ್ಟೇ ಟೇಬಲ್‌ಗೆ ಸೇರಿಸಿ.