ದೈಲೇಖದ ಗುಡ್ಡದ ಶಾಲೆಯಲ್ಲಿ ಐದು ತಿಂಗಳು

ನಾನು ಜಮಖಂಡಿ ತಾಲ್ಲೂಕಿನವಳು. 33 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ 2022ರಲ್ಲಿ ನಿವೃತ್ತಿಯಾದೆ. ಮರುವರ್ಷ ನೇಪಾಳದ ದೈಲೇಖ್ ಜಿಲ್ಲೆಯ ಒಂದು ಹಳ್ಳಿಗೆ ಸ್ವಯಂಸೇವಕಿಯಾಗಿ ಹೋಗಿ ಐದು ತಿಂಗಳು ಇದ್ದು ಬಂದೆ. ಈಗ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಇಬ್ಬರು "ಅಕ್ಕೋರೇ, ನಾವೂ ಹೋಗ್ಬೇಕು, ಹೆಂಗ್ ಹೋದ್ರಿ ಹೇಳ್ರಿ" ಅಂತ ಕೇಳುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ವಿಚಾರಿಸಿದ ಸಂಸ್ಥೆ ಎರಡು ವಾರಕ್ಕೆ ಲಕ್ಷಕ್ಕೂ ಜಾಸ್ತಿ ಕೇಳಿತು. ಅದರಲ್ಲಿ ನಾಲ್ಕು ದಿನ ಊರು ತೋರಿಸುವುದೇ ಇತ್ತು. ಎರಡು ವಾರದಲ್ಲಿ ಮಕ್ಕಳ ಹೆಸರೇ ಬಾಯಿಗೆ ಬರುವುದಿಲ್ಲ, ಇನ್ನು ಕಲಿಸುವುದೇನು? ಬಿಟ್ಟೆ. ಆಮೇಲೆ ಸಿಕ್ಕಿದ್ದು ಅಲ್ಲಿನವರೇ ನಡೆಸುವ ಒಂದು ಸಣ್ಣ ಸಂಸ್ಥೆ. ಊಟ, ಓಡಾಟದ ಖರ್ಚು ನನ್ನದೇ. ಕನಿಷ್ಠ ನಾಲ್ಕು ತಿಂಗಳು ಇರಬೇಕು, ಪೊಲೀಸ್ ಠಾಣೆಯಿಂದ ನಡತೆ ಪ್ರಮಾಣಪತ್ರ ತರಬೇಕು ಅಂದರು. ಅದನ್ನು ಕೇಳಿದ ಮೇಲೆಯೇ ನನಗೆ ನಂಬಿಕೆ ಬಂದದ್ದು. ಹೆಣ್ಣುಮಕ್ಕಳ ನಡುವೆ ಬಿಡುವ ಮೊದಲು ನೀವು ಯಾರು, ಎತ್ತ ಅಂತ ವಿಚಾರಿಸದ ಸಂಸ್ಥೆಗೆ ಹೋಗಲೇಬೇಡಿ.

ದಾರಿ ಕಷ್ಟವೇನಲ್ಲ. ಬೆಳಗಾವಿಯಿಂದ ದಿಲ್ಲಿಗೆ ರೈಲು. ಅಲ್ಲಿಂದ ಲಖನೌ, ಬಹರಾಯಿಚ್ ಮೇಲೆ ರುಪೈಡಿಹಾ ಗಡಿ. ದಾಟಿದರೆ ನೇಪಾಳಗಂಜ್. ನಮ್ಮವರಿಗೆ ವೀಸಾ ಬೇಡ, ನೆಲದ ದಾರಿಯಲ್ಲಿ ಹೋಗುವವರಿಗೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ನಮ್ಮ 100 ರೂಪಾಯಿಗೆ ಅವರ 160. ನೇಪಾಳಗಂಜ್‌ನಿಂದ ಸುರ್ಖೇತ್‌ಗೆ ಬಸ್ಸು, ಮುಂದೆ ಗುಡ್ಡ ಹತ್ತುವ ಜೀಪು. ನೇಪಾಳಿ ಬರೆಯುವುದು ದೇವನಾಗರಿಯಲ್ಲೇ. ನಮ್ಮ ಕಡೆ ಮರಾಠಿ, ಹಿಂದಿ ಕಿವಿಗೆ ಬಿದ್ದಿರುತ್ತದೆ ಅಲ್ವಾ, ಹೊರಡುವ ಮೊದಲು ಎರಡು ತಿಂಗಳು ಕೂತು ಕಲಿತೆ. ದೊಡ್ಡವರಿಗೆ "ತಪಾಯಿ" (ನೀವು) ಅನ್ನಬೇಕು, "ತಿಮಿ" (ನೀನು) ಅನ್ನಬಾರದು ಅನ್ನುವುದಷ್ಟು ಗೊತ್ತಿದ್ದರೂ ಬಾಗಿಲು ತೆರೆಯುತ್ತದೆ.

ಶಾಲೆಯಲ್ಲಿ ನಾನು ಮೊದಲು ಕೇಳಿದ್ದು ಹಿಂದಿನ ವರ್ಷದ ಹಾಜರಿ ಪುಸ್ತಕ. ಇಷ್ಟು ವರ್ಷ ಹಾಜರಿ ಹಾಕಿದ ಕಣ್ಣಿಗೆ ಅದರಲ್ಲಿ ಬಹಳ ಕಾಣುತ್ತದೆ. ಆಗ ಅಲ್ಲಿ ಶನಿವಾರ ರಜೆ, ರವಿವಾರ ಶಾಲೆ. ಹುಡುಗರ ಗೈರು ಅಲ್ಲೊಂದು ಇಲ್ಲೊಂದು ಚದುರಿದಂತೆ ಇತ್ತು. ಏಳು, ಎಂಟನೇ ತರಗತಿಯ ಹನ್ನೊಂದು ಹುಡುಗಿಯರ ಗೈರು ಮಾತ್ರ ಪ್ರತಿ ತಿಂಗಳು ನಾಲ್ಕೈದು ದಿನ ಸಾಲಾಗಿ ಬರುತ್ತಿತ್ತು. ಯಾರೂ ಏನೂ ಹೇಳುವುದು ಬೇಕಾಗಲಿಲ್ಲ.

ಆ ಭಾಗದಲ್ಲಿ ಛೌಪಡಿ ಅನ್ನುವ ಪದ್ಧತಿ ಇದೆ. ಮುಟ್ಟಾಗಿ ಹೊರಗಾದ ಹೆಂಗಸು ಮನೆಯೊಳಗೆ ಬರುವಂತಿಲ್ಲ, ಛೌ ಗೋಠ್ ಅನ್ನುವ ಸಣ್ಣ ಗುಡಿಸಲಲ್ಲಿ ಮಲಗಬೇಕು. ಚಳಿಗೆ ಒಳಗೆ ಬೆಂಕಿ ಹಾಕಿಕೊಂಡು ಹೊಗೆಯಲ್ಲಿ ಉಸಿರುಗಟ್ಟಿ ಸತ್ತವರಿದ್ದಾರೆ. 2017ರಲ್ಲಿ ಇದೇ ದೈಲೇಖದಲ್ಲಿ ಅಂಥ ಗುಡಿಸಲಲ್ಲಿ ಮಲಗಿದ್ದ ಹುಡುಗಿಯೊಬ್ಬಳು ಹಾವು ಕಚ್ಚಿ ತೀರಿಕೊಂಡಳು. ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ಇದು ಬೇಡ ಅಂದಿತ್ತು. 2017ರಲ್ಲಿ ಸಂಸತ್ತು ಕಾನೂನು ಮಾಡಿತು. ಹೊರಗೆ ಕಳಿಸಿದವರಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಅವರ 3,000 ರೂಪಾಯಿ ದಂಡ, ಇಲ್ಲವೇ ಎರಡೂ.

ನಾನು ತಪ್ಪು ಮಾಡಿದ್ದು ಇಲ್ಲೇ. ಎರಡನೇ ವಾರದಲ್ಲೇ ಒಬ್ಬ ಹುಡುಗಿಯ ಮನೆಗೆ ಒಬ್ಬಳೇ ಹೋಗಿ, ಅವಳ ಅಜ್ಜಿಗೆ ಕಾನೂನು ಹೇಳಿದೆ. ಅಜ್ಜಿ ಎದ್ದು ಒಳಗೆ ಹೋದರು. ಮರುದಿನದಿಂದ ಹುಡುಗಿ ಶಾಲೆಗೇ ಬರಲಿಲ್ಲ. ಒಂಬತ್ತು ದಿನ. ಆ ಒಂಬತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಆಗ ನೆನಪಾದದ್ದು ನಮ್ಮೂರಿಗೆ ಬರುತ್ತಿದ್ದ ಸಹಯೋಗಿನಿ, ಅಂದರೆ ಮಹಿಳಾ ಸಮಖ್ಯಾದ ಕಾರ್ಯಕರ್ತೆ. ಹಳ್ಳಿಯ ಹೆಂಗಸರನ್ನು ಸಂಘಟಿಸುವ ಈ ಸರ್ಕಾರಿ ಕಾರ್ಯಕ್ರಮ ನಾನು ನೌಕರಿಗೆ ಸೇರಿದ 1989ರಲ್ಲೇ ಶುರುವಾಯಿತು. ಕರ್ನಾಟಕದ ಮೊದಲ ಜಿಲ್ಲೆಗಳಲ್ಲಿ ನಮ್ಮ ಬಿಜಾಪುರವೂ ಇತ್ತು. ಜಮಖಂಡಿ ಆಗ ಅದರಲ್ಲೇ ಇತ್ತು, ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆ ಹೆಣ್ಣುಮಗಳು ಊರಿಗೆ ಬಂದರೆ ಭಾಷಣ ಮಾಡುತ್ತಿರಲಿಲ್ಲ. ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಾ ಸುಮ್ನೆ ಕೇಳುತ್ತಿದ್ದಳು. ಆರು ತಿಂಗಳಾದ ಮೇಲೆ ಹೆಂಗಸರೇ ಸೇರಿ ಸಂಘ ಕಟ್ಟಿಕೊಂಡರು. ಇಷ್ಟು ವರ್ಷ ಕಣ್ಣೆದುರೇ ಇದ್ದ ಪಾಠ ಅದು.

ದೈಲೇಖದ ಆ ಊರಲ್ಲೂ ಅಂಥವರೊಬ್ಬರು ಇದ್ದರು, ಮಹಿಳಾ ಆರೋಗ್ಯ ಸ್ವಯಂಸೇವಿಕೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಆದರೆ ನೇಪಾಳದಲ್ಲಿ ಇದು 1988ರಿಂದಲೇ ಇದೆ. ಎಲ್ಲರೂ ಅವರನ್ನು ದೀದಿ ಅನ್ನುತ್ತಿದ್ದರು. ಊರಿನ ಅರ್ಧ ಮಕ್ಕಳಿಗೆ ಲಸಿಕೆ ಹಾಕಿಸಿದವರು ಅವರೇ. ನಾನು ಹೋಗಿ "ನಿಮ್ಮ ಹಿಂದೆ ಬರ್ತೇನೆ, ಮಾತಾಡೋದಿಲ್ಲ" ಅಂದೆ. ಅವರು ನಕ್ಕು ನನ್ನ ಕೈಗೆ ಛತ್ರಿ ಕೊಟ್ಟರು.

ಆ ಅಜ್ಜಿಯ ಮನೆಗೆ ಮತ್ತೆ ಹೋದಾಗ ಅಂಗಳದಲ್ಲಿ ಗೋವಿನಜೋಳದ ತೆನೆ ರಾಶಿ ಬಿದ್ದಿತ್ತು. ನಾನೂ ಕೂತು ಬಿಡಿಸತೊಡಗಿದೆ. ಮನೆಯಿಂದ ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟೆ. ಅಜ್ಜಿ ರೊಟ್ಟಿ ಮುರಿದ ಸಪ್ಪಳಕ್ಕೇ ಮಕ್ಕಳು ಓಡಿ ಬಂದರು. ನನ್ನ ಇಳಕಲ್ ಸೀರೆಯ ಸೆರಗನ್ನು ಅಜ್ಜಿ ಬೆರಳಲ್ಲಿ ತಿಕ್ಕಿ ನೋಡಿದರು. ದೀದಿ ಕಾನೂನಿನ ಮಾತೇ ಎತ್ತಲಿಲ್ಲ. "ಮಳೆಗಾಲ, ಗೋಠ್ ಪಕ್ಕ ಹುಲ್ಲು ಎದೆಮಟ್ಟ ಬೆಳೆದಿದೆ, ಹಾವಿನ ಭಯ" ಅಂದರು, ಅಷ್ಟೇ. ಅಜ್ಜಿ ಏನೂ ಹೇಳಲಿಲ್ಲ. ಮೂರನೇ ಸಲ ಹೋದಾಗ, ಹುಡುಗಿ ಪಡಸಾಲೆಯ ಮೂಲೆಯಲ್ಲಿ ಮಲಗಲಿ ಅಂದರು. ದೇವರ ಕೋಣೆಗೆ, ಅಡುಗೆಮನೆಗೆ ಈಗಲೂ ಬಿಡುವುದಿಲ್ಲ. ನನಗೆ ಅದೂ ದೊಡ್ಡದೇ. ಹನ್ನೊಂದರಲ್ಲಿ ನಾಲ್ಕು ಮನೆಗಳಲ್ಲಿ ಇಷ್ಟಾಯಿತು. ಉಳಿದ ಏಳು ಹುಡುಗಿಯರು ನಾನು ಬರುವಾಗಲೂ ಗೋಠ್‌ಗೆ ಹೋಗುತ್ತಿದ್ದರು.

ಶಾಲೆಯ ಕಡೆಯಿಂದಲೂ ಒಂದು ಕೆಲಸ ಆಗಬೇಕಿತ್ತು. ಹುಡುಗಿಯರ ಶೌಚಾಲಯಕ್ಕೆ ಬಾಗಿಲಿತ್ತು, ಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ನೀರಂತೂ ಇಲ್ಲವೇ ಇಲ್ಲ. ದುಡ್ಡು ಕೊಟ್ಟು ನಾನೇ ಹಾಕಿಸಬಹುದಿತ್ತು, ಹಾಕಿಸಲಿಲ್ಲ. ನೇಪಾಳದಲ್ಲಿ ಪ್ರತಿ ವಾರ್ಡ್ ಸಮಿತಿಯಲ್ಲೂ ಇಬ್ಬರು ಮಹಿಳಾ ಸದಸ್ಯರು ಇರಲೇಬೇಕು, ಅವರಲ್ಲಿ ಒಬ್ಬರು ದಲಿತರು. ಎಂಟನೇ ತರಗತಿಯ ಹುಡುಗಿಯರು ಆ ದಲಿತ ಸದಸ್ಯೆಯ ಹತ್ತಿರ ಅರ್ಜಿ ಒಯ್ದರು. ಬರೆದದ್ದು ಅವರೇ. ನಾನು ಕಾಗುಣಿತ ಕೂಡ ತಿದ್ದಲಿಲ್ಲ. ಎರಡು ತಿಂಗಳು ಹಿಡಿಯಿತು. ಚಿಲಕ ಬಂತು, ಪೈಪು ಬಂತು, ಒಂದು ಪ್ಲಾಸ್ಟಿಕ್ ಡ್ರಮ್ ಬಂತು. ಮೊದಲ ದಿನ ಹುಡುಗಿಯರು ಆ ಚಿಲಕವನ್ನು ಟಕ್ ಟಕ್ ಅಂತ ಹಾಕಿ ತೆಗೆದು ಆಡುತ್ತಿದ್ದರು.

ಅಕ್ಟೋಬರ್ ಕೊನೆಗೆ ಊರಿಗೆ ಬಂದೆ. ನವೆಂಬರ್ 3ರ ರಾತ್ರಿ ಪಕ್ಕದ ಜಾಜರಕೋಟ್ ಜಿಲ್ಲೆಯಲ್ಲಿ ಭೂಕಂಪವಾಗಿ 150ಕ್ಕೂ ಜಾಸ್ತಿ ಜನ ಸತ್ತರು. ಎರಡು ದಿನ ಫೋನು ಹತ್ತಲಿಲ್ಲ, ಕೈಕಾಲು ಆಡಲಿಲ್ಲ ನನಗೆ. ಮೂರನೇ ದಿನ ದೀದಿ ಸಿಕ್ಕರು. ಊರಲ್ಲಿ ಎಲ್ಲರೂ ಕ್ಷೇಮ, ಅಜ್ಜಿಯೂ ಹುಡುಗಿಯೂ ಅಂಗಳದಲ್ಲಿ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದಾರೆ ಅಂದರು. ಮುಂದಿನ ತಿಂಗಳು ಮತ್ತೆ ಮಾತಾಡಿದಾಗ, ಶೌಚಾಲಯದ ಚಿಲಕ ಕಿತ್ತು ಹೋಗಿತ್ತಂತೆ. ಹುಡುಗಿಯರೇ ದುಡ್ಡು ಕೂಡಿಸಿ ಪೇಟೆಯಿಂದ ಹೊಸದು ತಂದು, ಸ್ಕ್ರೂ ಹೊಡೆಸಿದರಂತೆ.