ಅಟ್ಟದ ಮೇಲಿನ ಲ್ಯಾಪ್‌ಟಾಪ್‌ಗೆ ಹೊಸ ಲಿನಕ್ಸ್

ನಮ್ಮ ಮನೆಯ ಅಟ್ಟದಲ್ಲಿ ಒಂದು ಕೋರ್ 2 ಡ್ಯುಯೊ ಲ್ಯಾಪ್‌ಟಾಪ್ ಬಿದ್ದಿತ್ತು. ರ‍್ಯಾಮ್ ಬರೀ 2 ಜಿಬಿ. ಗುಜರಿಗೆ ಹಾಕಲು ಮನಸ್ಸಿಲ್ಲ, ಇಟ್ಟುಕೊಂಡರೆ ಕೆಲಸವಿಲ್ಲ. ಈಗ ಅದರಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಓಡುತ್ತಿದೆ, ಅಂದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್.

ಮೊದಲು ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ ನೋಡಿಕೊಳ್ಳಿ. ಹಳೇ ವಿಂಡೋಸ್‌ನಲ್ಲಿ ‘32 ಬಿಟ್ ಆಪರೇಟಿಂಗ್ ಸಿಸ್ಟಮ್’ ಅಂತ ಕಂಡರೆ ಗಾಬರಿ ಬೇಡ. ಅದು ವಿಂಡೋಸ್‌ನ ಲೆಕ್ಕ, ಪ್ರೊಸೆಸರ್‌ದಲ್ಲ. ಕೋರ್ 2 ಡ್ಯುಯೊ ಎಲ್ಲವೂ 64 ಬಿಟ್. ಹೆಸರಿನಲ್ಲಿ ಆ 2 ಇಲ್ಲದ ಕೋರ್ ಡ್ಯುಯೊ ಮಾತ್ರ 32 ಬಿಟ್. ಹಳೇ ನೆಟ್‌ಬುಕ್‌ಗಳ ಆಟಮ್ ಎನ್270 ಕೂಡ ಅದೇ ಜಾತಿ. ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಅಂಥವರು ಆಂಟಿಎಕ್ಸ್ 23 ಎಂಬ ಇನ್ನೊಂದು ಲಿನಕ್ಸ್ ಹಾಕಿಕೊಳ್ಳಿ.

ಹಳೆಯ ಫೋಟೊ, ಫೈಲ್ ಎಲ್ಲ ಬೇರೆ ಕಡೆ ಕಾಪಿ ಮಾಡಿ. ಬೇರೆ ಕಂಪ್ಯೂಟರ್‌ನಲ್ಲಿ ಡೆಬಿಯನ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿ, ರೂಫಸ್ ಎಂಬ ವಿಂಡೋಸ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆದು, ಹಳೇ ಲ್ಯಾಪ್‌ಟಾಪನ್ನು ಅದರಿಂದಲೇ ಬೂಟ್ ಮಾಡಿ. ರೂಟ್ ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಡಿ. ಆಗ ನಿಮ್ಮ ಅಕೌಂಟ್‌ಗೇ ಸುಡೊ, ಅಂದರೆ ಅಡ್ಮಿನ್ ಅಧಿಕಾರ ಸಿಗುತ್ತದೆ.

ಇನ್ನು ಮುಂದಿನದೇ ಮುಖ್ಯ. ಕೊನೆಗೆ ಡೆಸ್ಕ್‌ಟಾಪ್‌ಗಳ (ಪರದೆಯ ಮೇಲಿನ ಮೆನು, ಕಿಟಕಿಗಳ ವ್ಯವಸ್ಥೆ) ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಗ್ನೋಮ್‌ಗೆ ಮೊದಲೇ ಟಿಕ್ ಬಿದ್ದಿರುತ್ತದೆ. ನಾನು ನೋಡದೆ ಎಂಟರ್ ಒತ್ತಿದ್ದೆ. ಫೈರ್‌ಫಾಕ್ಸ್ ತೆರೆದಿದ್ದೇ ತಡ, ಹಾರ್ಡ್‌ಡಿಸ್ಕ್‌ನ ಪುಟ್ಟ ದೀಪ ಮಿಣುಕುವುದನ್ನು ಬಿಟ್ಟು ಒಂದೇ ಸಮ ಉರಿಯತೊಡಗಿತು. ಮೌಸ್ ನಿಂತಲ್ಲೇ ನಿಂತಿತು. ರ‍್ಯಾಮ್ ತುಂಬಿ, ಸರಕನ್ನೆಲ್ಲ ಡಿಸ್ಕ್‌ಗೆ ಹೊತ್ತು ಹಾಕುತ್ತಿದೆ ಅಂತ ಅರ್ಥ. ಅದನ್ನೇ ಸ್ವಾಪ್ ಅನ್ನುವುದು. ತಿರುಗುವ ಡಿಸ್ಕ್‌ಗೆ ಈ ಕೆಲಸ ಕೊಟ್ಟರೆ ಕಾಫಿ ಕುಡಿದು ಬಂದರೂ ಮುಗಿದಿರುವುದಿಲ್ಲ. ತಪ್ಪು ನನ್ನದೇ. ಎರಡನೇ ಸಲ ಗ್ನೋಮ್ ಟಿಕ್ ತೆಗೆದು ಎಲ್‌ಎಕ್ಸ್‌ಕ್ಯೂಟಿಗೆ ಹಾಕಿದೆ. ನೋಡಲು ಸುಮಾರು, ಆದರೆ ಹಗುರ.

ವೈಫೈ ಸಿಗದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ, ಫೋನಿನ ಇಂಟರ್ನೆಟ್ ಲ್ಯಾಪ್‌ಟಾಪ್‌ಗೆ ಬರುತ್ತದೆ.

ಆಮೇಲೆ ಝಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿ. ಇದು ರ‍್ಯಾಮ್‌ನಲ್ಲಿರುವುದನ್ನೇ ಒತ್ತಿ ಚಿಕ್ಕದು ಮಾಡಿ ಅಲ್ಲೇ ಇಡುತ್ತದೆ, ರಜಾಯಿ ಮಡಚಿ ಟ್ರಂಕ್‌ಗೆ ತುರುಕಿದ ಹಾಗೆ. ಡಿಸ್ಕ್‌ಗೆ ಓಡುವ ಕೆಲಸ ಕಡಿಮೆಯಾಗುತ್ತದೆ. ಆದರೆ ಸುಮ್ನೆ ಇನ್‌ಸ್ಟಾಲ್ ಮಾಡಿ ಬಿಟ್ಟರೆ ಬರೀ 256 ಎಂಬಿ ಬಳಸುತ್ತದೆ. ಇಟಿಸಿ ಫೋಲ್ಡರ್‌ನಲ್ಲಿರುವ ಡಿಫಾಲ್ಟ್ ಎಂಬ ಫೋಲ್ಡರ್ ಒಳಗೆ ಝಡ್‌ರ‍್ಯಾಮ್‌ಸ್ವಾಪ್ ಎಂಬ ಫೈಲ್ ಇದೆ (/etc/default/zramswap). ಅದನ್ನು ಸುಡೊ ಕೊಟ್ಟು ತೆರೆದು, ‘ಪರ್ಸೆಂಟ್’ ಸಾಲಿನ ಮುಂದಿನ ಹ್ಯಾಷ್ ಗುರುತು ಅಳಿಸಿ, 50 ಅಂತ ಇಟ್ಟು ರೀಸ್ಟಾರ್ಟ್ ಮಾಡಿ.

ಇಷ್ಟಾದರೂ ಬ್ರೌಸರ್ ಒಂದು ಹೊಟ್ಟೆಬಾಕ. ಡೆಸ್ಕ್‌ಟಾಪ್ ಎಷ್ಟೇ ಹಗುರವಾದರೂ ಹತ್ತು ಟ್ಯಾಬ್ ತೆರೆದರೆ ಮುಗೀತು, ಅಲ್ವಾ? ಮೂರ್ನಾಲ್ಕಕ್ಕಿಂತ ಜಾಸ್ತಿ ಬೇಡ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಎಂಬ ಆ್ಯಡ್-ಆನ್ ಹಾಕಿ, ಜಾಹೀರಾತಿನ ಹೊರೆ ಇಳಿಯುತ್ತದೆ. ವಿಡಿಯೊಗೆ 480ಪಿ ಗುಣಮಟ್ಟ ಸಾಕು.

ಕನ್ನಡ ಸರಿಯಾಗಿ ಕಾಣಲು ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ, ಗುಬ್ಬಿ, ನವಿಲು ಎರಡೂ ಫಾಂಟ್ ಬರುತ್ತವೆ. ಟೈಪ್ ಮಾಡಲು ಐಬಸ್-ಎಂ17ಎನ್ ಹಾಕಿ, ಅದರಲ್ಲಿ ಕೆಜಿಪಿ ಆರಿಸಿದರೆ ನುಡಿಯ ಕೀಲಿಮಣೆಯೇ ಸಿಗುತ್ತದೆ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ 120 ಜಿಬಿಯ ಸಾಟಾ ಎಸ್‌ಎಸ್‌ಡಿ ತನ್ನಿ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ನಾನು ಹಾಕಿದ ಮೇಲೆ ಆ ದೀಪ ಒಂದೇ ಸಮ ಉರಿದದ್ದನ್ನು ನೋಡಿಲ್ಲ.